ಮೆಕ್ಯಾನಿಕಲ್ ಸೀಲ್: ಯಾವುದನ್ನು ಎಲ್ಲಿ ಹಾಕಬೇಕು, ಹೇಗೆ ಕೂರಿಸಬೇಕು, ಕೆಟ್ಟರೆ ಏನು ನೋಡಬೇಕು

ಪಂಪಿನ ಶಾಫ್ಟ್ ಕೇಸಿಂಗ್ ಒಳಗೆ ಹೋಗುವ ಜಾಗದಲ್ಲಿ ಒಂದು ಸಂದು ಇದ್ದೇ ಇರುತ್ತದೆ. ಶಾಫ್ಟ್ ತಿರುಗಬೇಕು, ಕೇಸಿಂಗ್ ನಿಂತಿರಬೇಕು, ಒಳಗಿನ ದ್ರವ ಮಾತ್ರ ಹೊರಗೆ ಬರಬಾರದು. ಮೊದಲೆಲ್ಲ ಅಲ್ಲಿಗೆ ಗ್ಲ್ಯಾಂಡ್ ಪ್ಯಾಕಿಂಗ್ ಎಂಬ ಹಗ್ಗದಂಥದ್ದನ್ನು ಸುತ್ತಿ ಬಿಗಿಯುತ್ತಿದ್ದರು. ಇವತ್ತಿಗೂ ಎಷ್ಟೋ ಪಂಪುಗಳಲ್ಲಿ ಅದೇ ಇದೆ. ಪ್ಯಾಕಿಂಗ್ ಸುಡದೆ ಉಳಿಯಬೇಕಾದರೆ ನಿಮಿಷಕ್ಕೆ 40ರಿಂದ 60 ಹನಿಯಾದರೂ ತೊಟ್ಟಿಕ್ಕುತ್ತಿರಬೇಕು. ನೀರಾದರೆ ಸರಿ, ಆಸಿಡ್ ಆದರೆ? ಮೇಲಾಗಿ ಪ್ಯಾಕಿಂಗ್ ಶಾಫ್ಟಿನ ಮೈಯನ್ನೇ ಉಜ್ಜಿ ಗೆರೆ ಬೀಳಿಸುತ್ತದೆ.

ಮೆಕ್ಯಾನಿಕಲ್ ಸೀಲ್ ಈ ಉಜ್ಜಾಟವನ್ನು ಶಾಫ್ಟಿನ ಮೇಲಿಂದ ತೆಗೆದು ಎರಡು ಬಳೆಗಳ ನಡುವೆ ಇಡುತ್ತದೆ. ಒಂದು ಬಳೆ ಶಾಫ್ಟಿನ ಜೊತೆ ತಿರುಗುತ್ತದೆ, ಇನ್ನೊಂದು ಕೇಸಿಂಗಿಗೆ ಬೋಲ್ಟ್ ಹಾಕಿ ಕೂರಿಸಿದ ಗ್ಲ್ಯಾಂಡ್ ಪ್ಲೇಟಿನಲ್ಲಿ ಕೂತಿರುತ್ತದೆ. ಸ್ಪ್ರಿಂಗ್ ಮತ್ತು ಒಳಗಿನ ಒತ್ತಡ ಸೇರಿ ಎರಡನ್ನೂ ಒಂದಕ್ಕೊಂದು ಒತ್ತಿ ಹಿಡಿಯುತ್ತವೆ. ಇವುಗಳ ಉಜ್ಜುವ ಮೈಗೆ ನಾವು ಫೇಸ್ ಅನ್ನುತ್ತೇವೆ. ಎರಡು ಫೇಸ್‌ಗಳ ನಡುವೆ ಪಂಪ್ ಮಾಡುವ ದ್ರವವೇ ಒಂದು ತೆಳು ಪದರವಾಗಿ ನಿಲ್ಲುತ್ತದೆ. ಆ ಪದರ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅದಕ್ಕೇ ಸೀಲ್ ಸೋರುವುದೇ ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ತುಸು ಆವಿ ಹೊರಗೆ ಹೋಗುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಪಂಪ್ ರಿಪೇರಿಯಲ್ಲೇ ಕೆಲಸ ಕಲಿತವನು ನಾನು. ಹೊಸಬರಿಗೆ ಮೊದಲು ಹೇಳುವುದು ಒಂದೇ ಮಾತು: ಆ ಪದರವನ್ನು ಕಾಪಾಡಿದರೆ ಸೀಲ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ನಾನು ಬಿಚ್ಚಿ ನೋಡಿದ ಸೀಲುಗಳಲ್ಲಿ ಕಾರ್ಬನ್ (ಎರಡು ಫೇಸ್‌ಗಳಲ್ಲಿ ಮೆತ್ತಗಿನದು) ಪೂರ್ತಿ ಸವೆದು, ಆಯುಸ್ಸು ಮುಗಿಸಿ ಬಂದವು ಕಡಿಮೆ. ಹೆಚ್ಚಿನವು ಪದರ ಒಣಗಿ, ಕೊಳೆ ಸೇರಿ, ಇಲ್ಲವೇ ಫೇಸ್ ತೆರೆದುಕೊಂಡು ಸತ್ತವು. ಆದ್ದರಿಂದ ಬಗೆಗಳನ್ನು ಹೆಸರಿನಿಂದ ಬಾಯಿಪಾಠ ಮಾಡಬೇಡಿ. ಈ ಪಂಪಿನಲ್ಲಿ ಪದರಕ್ಕೆ ಏನು ತೊಂದರೆ ಬರಬಹುದು ಎಂದು ಕೇಳಿಕೊಳ್ಳಿ. ಯಾವ ಬಗೆ ಬೇಕು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ.

ಬಗೆಗಳು

ಮೊದಲ ಪ್ರಶ್ನೆ ಒತ್ತಡದ್ದು. ಒಳಗಿನ ಒತ್ತಡ ತಿರುಗುವ ಫೇಸಿನ ಬೆನ್ನಿಗೆ ಬಿದ್ದು ಅದನ್ನು ಮುಂದಕ್ಕೆ ತಳ್ಳುತ್ತದೆ. ಅನ್‌ಬ್ಯಾಲೆನ್ಸ್ಡ್ ಸೀಲಿನಲ್ಲಿ ಆ ಒತ್ತಡ ಪೂರ್ತಿಯಾಗಿ ಫೇಸ್ ಮೇಲೆ ಬೀಳುತ್ತದೆ. ಒತ್ತಡ ಜಾಸ್ತಿಯಾದರೆ ಪದರ ಹಿಂಡಿಹೋಗಿ ಫೇಸ್ ಬಿಸಿಯಾಗುತ್ತದೆ. ಬ್ಯಾಲೆನ್ಸ್ಡ್ ಸೀಲಿನಲ್ಲಿ ಸ್ಲೀವಿಗೆ (ಶಾಫ್ಟಿನ ಮೇಲೆ ತೊಡಿಸುವ ಕೊಳವೆಗೆ) ಒಂದು ಮೆಟ್ಟಿಲು ಕೊಟ್ಟು, ಒತ್ತಡ ಬೀಳುವ ಜಾಗವನ್ನು ಫೇಸಿನ ಅಗಲದ ಮುಕ್ಕಾಲು ಭಾಗದ ಹತ್ತಿರಕ್ಕೆ ಇಳಿಸಿರುತ್ತಾರೆ. ತಣ್ಣೀರಿನ ಸಣ್ಣ ಪಂಪಿಗೆ ಅನ್‌ಬ್ಯಾಲೆನ್ಸ್ಡ್ ಸಾಕು. ಸೀಲಿನ ಹತ್ತಿರ ಒತ್ತಡ ಸುಮಾರು 10 ಬಾರ್ ದಾಟಿದರೆ, ಅಥವಾ ಪೆಟ್ರೋಲಿನಂತೆ ಬೇಗ ಆವಿಯಾಗುವ ದ್ರವವಾದರೆ, ನಾನು ಬ್ಯಾಲೆನ್ಸ್ಡ್ ಬಿಟ್ಟು ಬೇರೆ ಯೋಚಿಸುವುದಿಲ್ಲ.

ಎರಡನೆಯದು, ಫೇಸ್ ಮುಂದೆ ಹಿಂದೆ ಸರಿಯಲು ಜಾಗ ಇದೆಯಾ? ಕಾರ್ಬನ್ ಸವೆದಂತೆ ತಿರುಗುವ ಭಾಗ ಸ್ವಲ್ಪ ಸ್ವಲ್ಪವೇ ಮುಂದೆ ಬರಬೇಕು. ಪುಶರ್ ಸೀಲಿನಲ್ಲಿ ಒಂದು ಓ-ರಿಂಗ್, ಅಂದರೆ ರಬ್ಬರ್ ಉಂಗುರ, ಸ್ಲೀವಿನ ಮೇಲೆ ಜಾರಿಕೊಂಡು ಬರುತ್ತದೆ. ಸ್ಲೀವ್ ಮೇಲೆ ಉಪ್ಪು, ಸಕ್ಕರೆ ಪಾಕ, ಸುಟ್ಟ ಎಣ್ಣೆಯ ಕರಿ ಕೂತರೆ ಓ-ರಿಂಗ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಫೇಸ್ ಮುಂದೆ ಬರುವುದಿಲ್ಲ, ಸೀಲ್ ಸೋರುತ್ತದೆ. ಇಂಥ ಕಡೆ ಬೆಲೋಸ್ ಸೀಲ್ ಬೇಕು. ಅದರಲ್ಲಿ ಜಾರುವ ಓ-ರಿಂಗೇ ಇರುವುದಿಲ್ಲ, ಬೆಲೋಸೇ ಹಿಗ್ಗಿ ಕುಗ್ಗುತ್ತದೆ. ರಬ್ಬರ್ ಬೆಲೋಸ್ ಮನೆಯ ನೀರಿನ ಪಂಪಿನಿಂದ ಹಿಡಿದು ಎಲ್ಲ ಕಡೆ ಸಿಗುತ್ತದೆ. ಬಿಸಿ ಎಣ್ಣೆಗೆ, ಥರ್ಮಿಕ್ ಫ್ಲೂಯಿಡ್ ಪಂಪಿಗೆ ಲೋಹದ ಬೆಲೋಸ್ ಬೇಕು. ತೆಳು ತಗಡಿನ ಬಳೆಗಳನ್ನು ಅಂಚಿಗೆ ಅಂಚು ಬೆಸೆದು ಅದನ್ನು ಮಾಡಿರುತ್ತಾರೆ, ಹುಷಾರಾಗಿ ಹಿಡಿಯಬೇಕು.

ಸ್ಪ್ರಿಂಗ್ ವಿಷಯಕ್ಕೂ ಇದೇ ಲೆಕ್ಕ. ಒಂದೇ ದೊಡ್ಡ ಸ್ಪ್ರಿಂಗ್ ಇರುವ ಸೀಲ್ ಕೊಳೆ ನೀರಿನಲ್ಲಿ ಬೇಗ ಕಟ್ಟಿಕೊಳ್ಳುವುದಿಲ್ಲ. ಸಣ್ಣ ಸ್ಪ್ರಿಂಗುಗಳು ಸುತ್ತಲೂ ಇದ್ದರೆ ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ, ಸೀಲ್ ಗಿಡ್ಡವಾಗಿಯೂ ಇರುತ್ತದೆ. ಆದರೆ ನಾರು, ಕೆಸರು ಇದ್ದರೆ ಆ ಸ್ಪ್ರಿಂಗುಗಳು ಮುಚ್ಚಿಹೋಗುತ್ತವೆ. ಒಂದು ಮಾತು ನೆನಪಿರಲಿ: ಶಾಫ್ಟನ್ನು ತಾನೇ ಹಿಡಿದು ತಿರುಗಿಸುವ ಕೋನ್ ಆಕಾರದ ಸ್ಪ್ರಿಂಗಿಗೆ ಎಡ, ಬಲ ಎಂಬುದು ಇದೆ. ಶಾಫ್ಟ್ ತಿರುಗಿದಾಗ ಸ್ಪ್ರಿಂಗ್ ಬಿಗಿಯಾಗುವಂತೆ ಇರಬೇಕು, ಬಿಚ್ಚಿಕೊಳ್ಳುವಂತೆ ಅಲ್ಲ. ಮೋಟರ್ ಉಲ್ಟಾ ತಿರುಗಿದರೆ ಈ ಸೀಲ್ ಶಾಫ್ಟಿನ ಮೇಲೆ ಜಾರಿ ಗೆರೆ ಕೊರೆಯುತ್ತದೆ.

ಮೂರನೆಯದೇ ದೊಡ್ಡ ಪ್ರಶ್ನೆ: ಪಂಪ್ ಮಾಡುವ ದ್ರವ ಒಳ್ಳೆ ಪದರ ಕೊಡುತ್ತದಾ? ಸೋರಿದರೆ ಪರವಾಗಿಲ್ಲವಾ? ಎರಡರಲ್ಲಿ ಒಂದಕ್ಕೆ ಉತ್ತರ ಇಲ್ಲ ಎಂದಾದರೂ ಡಬಲ್ ಸೀಲ್ ಬೇಕು. ಎರಡು ಜೋಡಿ ಫೇಸ್, ನಡುವೆ ನಾವೇ ಕೊಡುವ ಶುದ್ಧ ದ್ರವ. ಆ ದ್ರವವನ್ನು ಪಂಪಿನ ಒಳ ಒತ್ತಡಕ್ಕಿಂತ ಜಾಸ್ತಿ ಒತ್ತಡದಲ್ಲಿ ಇಟ್ಟರೆ ಬ್ಯಾರಿಯರ್ ಅನ್ನುತ್ತೇವೆ. ಪಂಪ್ ಸೀಲುಗಳಿಗೆಂದೇ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಮಾಡಿದ ಎಪಿಐ 682 ಸ್ಟ್ಯಾಂಡರ್ಡ್ ಪ್ರಕಾರ ಕನಿಷ್ಠ 1.4 ಬಾರ್ ಜಾಸ್ತಿ ಇರಬೇಕು. ಆಗ ಒಳಗಿನ ಫೇಸಿಗೂ ಶುದ್ಧ ದ್ರವದ್ದೇ ಪದರ. ಒಳ ಸೀಲ್ ಸೋರಿದರೂ ನಮ್ಮ ದ್ರವ ಒಳಗೆ ಹೋಗುತ್ತದೆಯೇ ಹೊರತು ವಿಷ ಹೊರಗೆ ಬರುವುದಿಲ್ಲ. ನಡುವಿನ ದ್ರವಕ್ಕೆ ಒತ್ತಡ ಕೊಡದೆ ಇಟ್ಟರೆ ಅದು ಬಫರ್. ಒಳ ಸೀಲ್ ಕೆಟ್ಟಾಗ ಟ್ಯಾಂಕಿನಲ್ಲಿ ಮಟ್ಟ ಅಥವಾ ಒತ್ತಡ ಏರಿ ಸುದ್ದಿ ಕೊಡುತ್ತದೆ, ಹೊರ ಸೀಲ್ ಪಂಪ್ ನಿಲ್ಲಿಸುವವರೆಗೆ ತಡೆಯುತ್ತದೆ.

ಕಾರ್ಟ್ರಿಡ್ಜ್ ಎಂಬುದು ಬೇರೆ ಬಗೆಯಲ್ಲ, ಕಟ್ಟಿ ಕೊಡುವ ರೀತಿ. ಸ್ಲೀವ್, ಫೇಸ್‌ಗಳು, ಗ್ಲ್ಯಾಂಡ್ ಎಲ್ಲವೂ ಒಂದೇ ತುಂಡಾಗಿ, ಅಳತೆ ಮೊದಲೇ ಹೊಂದಿಸಿ ಬರುತ್ತದೆ. ದುಬಾರಿ, ನಿಜ. ಆದರೆ ಮುಖ್ಯ ಪಂಪುಗಳಿಗೆ ನಾನು ಯಾವಾಗಲೂ ಇದನ್ನೇ ಕೇಳುತ್ತೇನೆ. ಅಳತೆ ತಪ್ಪುವ ಮಾತಿಲ್ಲ, ಫೇಸಿಗೆ ಬೆರಳು ತಾಗುವುದಿಲ್ಲ. ಸ್ಪ್ಲಿಟ್ ಸೀಲ್ ಎರಡು ಅರ್ಧಗಳಾಗಿ ಬರುತ್ತದೆ. ಶಾಫ್ಟ್ ತೆಗೆಯಲು ಕ್ರೇನ್ ಬೇಕಾಗುವ ದೊಡ್ಡ ಪಂಪುಗಳಿಗೆ ಅದು ವರದಾನ, ಒತ್ತಡ ಜಾಸ್ತಿ ಇರುವ ಕಡೆಗಲ್ಲ.

ಯಂತ್ರಕ್ಕೆ ತಕ್ಕ ಸೀಲ್

ಕಾರಿನ ವಾಟರ್ ಪಂಪಿನಲ್ಲೂ ಮೆಕ್ಯಾನಿಕಲ್ ಸೀಲ್ ಇದೆ. ಅದರ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಸೀಲಿನಿಂದ ಬಂದ ನೀರು ಬೇರಿಂಗಿಗೆ ಹೋಗದೆ ಹೊರಗೆ ಬೀಳಲಿ ಎಂದು ಅದನ್ನು ಕೊಟ್ಟಿರುತ್ತಾರೆ. ಅಲ್ಲಿ ಒಣ ಕಲೆ ಕಂಡರೆ ಗಾಬರಿ ಬೇಡ, ಹನಿ ಬೀಳುತ್ತಿದ್ದರೆ ಪಂಪ್ ಬದಲಿಸಬೇಕು. ಅದನ್ನು ಎಂಸೀಲ್ ಹಾಕಿ ಮುಚ್ಚುವುದು ಮಾತ್ರ ಬೇಡವೇ ಬೇಡ.

ಸಬ್‌ಮರ್ಸಿಬಲ್ ಕೊಳಚೆ ಪಂಪಿನಲ್ಲಿ ಸಾಮಾನ್ಯವಾಗಿ ಎರಡು ಸೀಲ್, ನಡುವೆ ಎಣ್ಣೆ ಕೋಣೆ. ಕೆಳಗಿನದು ಕೆಸರನ್ನು ತಡೆಯಬೇಕು, ಆದ್ದರಿಂದ ಎರಡೂ ಫೇಸ್ ಗಟ್ಟಿ ಇರಬೇಕು. ಮೇಲಿನದಕ್ಕೆ ಎಣ್ಣೆಯ ಪದರ ಸಿಗುತ್ತದೆ. ಎಣ್ಣೆ ತೆಗೆದು ನೋಡಿ: ಹಾಲಿನಂತೆ ಬೆಳ್ಳಗಾಗಿದ್ದರೆ ಕೆಳಗಿನ ಸೀಲ್ ಹೋಗಿದೆ. ಮೋಟರಿಗೆ ನೀರು ತಲುಪುವ ಮೊದಲೇ ನಿಮಗೆ ಗೊತ್ತಾಯಿತು.

ರಿಯಾಕ್ಟರಿನ ಮೇಲೆ ಕೂತ ಆಜಿಟೇಟರ್ (ಒಳಗಿನದನ್ನು ಕಲಕುವ ಯಂತ್ರ) ಬೇರೆಯೇ ಕಥೆ. ಶಾಫ್ಟ್ ಉದ್ದ, ಓಲಾಟ ಜಾಸ್ತಿ, ಸೀಲ್ ಇರುವ ಕಡೆ ದ್ರವವೇ ಇಲ್ಲ, ಬರೀ ಆವಿ. ಪದರಕ್ಕೆ ದ್ರವ ನಾವೇ ಕೊಡಬೇಕು. ಅದಕ್ಕೇ ಅಲ್ಲಿ ಡಬಲ್ ಸೀಲ್, ಇಲ್ಲವೇ ನಿಧಾನ ವೇಗಕ್ಕೆಂದೇ ಮಾಡಿದ ಡ್ರೈ ಸೀಲ್. ದೊಡ್ಡ ಗ್ಯಾಸ್ ಕಂಪ್ರೆಸರುಗಳಲ್ಲಿ ಡ್ರೈ ಗ್ಯಾಸ್ ಸೀಲ್ ಇರುತ್ತದೆ. ಒಂದು ಫೇಸಿನ ಮೇಲೆ ಸುರುಳಿ ಗೀರುಗಳು, ಕೆಲವೇ ಮೈಕ್ರಾನ್ ಆಳ. ವೇಗ ಬಂದಾಗ ಗ್ಯಾಸ್ ಅದರೊಳಗೆ ನುಗ್ಗಿ ಫೇಸ್‌ಗಳನ್ನು ಬೇರೆ ಮಾಡುತ್ತದೆ, ಅವು ತಾಗದೇ ಓಡುತ್ತವೆ. ಅದನ್ನು ಬಿಚ್ಚುವ ಕೆಲಸ ತಯಾರಕರಿಗೇ ಬಿಡಿ. ಹಾಲು, ಹಣ್ಣಿನ ರಸದ ಪಂಪುಗಳಿಗೆ ಸ್ಪ್ರಿಂಗ್ ದ್ರವದ ಹೊರಗಿರುವ, ಸಂದುಗೊಂದು ಇಲ್ಲದೆ ತೊಳೆಯಲು ಬರುವ ಸೀಲ್ ಬೇಕು.

ಫೇಸ್ ಮತ್ತು ರಬ್ಬರ್

ಶುದ್ಧ ನೀರಿಗೆ ಕಾರ್ಬನ್ ಒಂದು ಕಡೆ, ಸೆರಾಮಿಕ್ ಇನ್ನೊಂದು ಕಡೆ ಸಾಕು. ಸೆರಾಮಿಕ್ಕಿಗೆ ಒಂದು ದೌರ್ಬಲ್ಯ ಇದೆ. ಒಣಗಿ ಓಡಿ ಬಿಸಿಯಾದಾಗ ತಣ್ಣೀರು ಬಿದ್ದರೆ ಟಕ್ಕೆಂದು ಒಡೆಯುತ್ತದೆ. ಸಿಲಿಕಾನ್ ಕಾರ್ಬೈಡ್ ಶಾಖವನ್ನು ಬೇಗ ಸಾಗಿಸುತ್ತದೆ. ಕಾರ್ಬನ್ ಜೊತೆ ಅದು ನನ್ನ ಮೆಚ್ಚಿನ ಜೋಡಿ. ಮರಳು ಇದ್ದರೆ ಕಾರ್ಬನ್ ಬೇಡ, ಎರಡೂ ಸಿಲಿಕಾನ್ ಕಾರ್ಬೈಡ್ ಅಥವಾ ಟಂಗ್‌ಸ್ಟನ್ ಕಾರ್ಬೈಡ್ ಇರಲಿ. ಆದರೆ ಎರಡೂ ಗಟ್ಟಿಯಾದ ಜೋಡಿ ಒಣ ಓಟವನ್ನು ತಾಳಿಕೊಳ್ಳುವುದಿಲ್ಲ, ಕೆಲವೇ ಕ್ಷಣಗಳಲ್ಲಿ ಕಿರುಚಲು ಶುರುಮಾಡುತ್ತದೆ. ಇನ್ನೊಂದು ಸೂಕ್ಷ್ಮ: ಸಿಲಿಕಾನ್ ಕಾರ್ಬೈಡಿನಲ್ಲಿ ರಿಯಾಕ್ಷನ್ ಬಾಂಡೆಡ್ ಅನ್ನುವುದರಲ್ಲಿ ಬಿಡಿ ಸಿಲಿಕಾನ್ ಉಳಿದಿರುತ್ತದೆ. ಕಾಸ್ಟಿಕ್ (ಕಾಸ್ಟಿಕ್ ಸೋಡಾ) ಅದನ್ನು ತಿಂದುಹಾಕುತ್ತದೆ. ಕಾಸ್ಟಿಕ್ ಪಂಪಿಗೆ ಸಿಂಟರ್ಡ್ ಎಂದೇ ಬರೆದು ತರಿಸಿ.

ರಬ್ಬರಿನ ವಿಷಯದಲ್ಲಿ ನೈಟ್ರೈಲ್ ಎಣ್ಣೆಗೂ ನೀರಿಗೂ ಆಗುತ್ತದೆ, ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ. ಇಪಿಡಿಎಂ ಬಿಸಿ ನೀರಿಗೆ, ಕಾಸ್ಟಿಕ್ಕಿಗೆ ಒಳ್ಳೆಯದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿಹೋಗುತ್ತದೆ. ವೈಟಾನ್ ಸುಮಾರು 200 ಡಿಗ್ರಿವರೆಗೆ ಎಣ್ಣೆ, ಇಂಧನಕ್ಕೆ ನಿಲ್ಲುತ್ತದೆ. ಅದು ದುಬಾರಿ, ಆದ್ದರಿಂದ ಎಲ್ಲದಕ್ಕೂ ಒಳ್ಳೆಯದು ಎಂದು ಸುಮ್ನೆ ಹಾಕುವವರಿದ್ದಾರೆ. ಸಾಮಾನ್ಯ ವೈಟಾನ್ ಹಬೆಗೂ ಕಾಸ್ಟಿಕ್ಕಿಗೂ ಆಗಿಬರುವುದಿಲ್ಲ, ಅಸಿಟೋನಿನಲ್ಲಂತೂ ಉಬ್ಬಿ ಮೆತ್ತಗಾಗುತ್ತದೆ. ಯಾವುದಕ್ಕೂ ಬಗ್ಗದ ದ್ರವವಾದರೆ ಪಿಟಿಎಫ್‌ಇ (ಟೆಫ್ಲಾನ್) ಇದೆ. ಅದಕ್ಕೆ ರಬ್ಬರಿನ ಸ್ಥಿತಿಸ್ಥಾಪಕ ಗುಣ ಇಲ್ಲ, ಹಿಂದಿನಿಂದ ಸ್ಪ್ರಿಂಗ್ ಒತ್ತುತ್ತಲೇ ಇರಬೇಕು.

ಪದರಕ್ಕೆ ನೀರುಣಿಸುವ ಪೈಪುಗಳು

ಸೀಲ್ ಆರಿಸಿದರೆ ಅರ್ಧ ಕೆಲಸ. ಅದರ ಸುತ್ತ ಇರುವ ಪೈಪುಗಳಿಗೆ ಪ್ಲಾನ್ ಅನ್ನುತ್ತಾರೆ, ಪ್ರತಿಯೊಂದಕ್ಕೂ ಒಂದು ನಂಬರ್. ಪ್ಲಾನ್ 11ರಲ್ಲಿ ಪಂಪಿನ ಡಿಸ್ಚಾರ್ಜಿನಿಂದಲೇ ಒಂದು ಸಣ್ಣ ಪೈಪ್ ಸೀಲಿಗೆ ಬರುತ್ತದೆ, ನಡುವೆ ಒಂದು ಆರಿಫೀಸ್. ಆ ತೂತು 3 ಮಿಲಿಮೀಟರಿಗಿಂತ ಸಣ್ಣದಾದರೆ ಕಟ್ಟಿಕೊಳ್ಳುತ್ತದೆ. ಸೀಲ್ ಬದಲಿಸುವಾಗಲೆಲ್ಲ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಕೊಳೆ ದ್ರವವಾದರೆ ಪ್ಲಾನ್ 32, ಅಂದರೆ ಹೊರಗಿನಿಂದ ಶುದ್ಧ ದ್ರವ. ಅದು ಪಂಪಿನೊಳಗೆ ಸೇರುವುದರಿಂದ ಮಾಲಿಗೆ ಒಗ್ಗುವಂತಿರಬೇಕು.

ಬಿಸಿ ನೀರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬಾಯ್ಲರ್ ಫೀಡ್ ಪಂಪಿನ ನೀರು ನೋಡಲು ನೀರೇ. ಆದರೆ 80 ಡಿಗ್ರಿ ದಾಟಿದ ಮೇಲೆ ಅದು ಫೇಸ್‌ಗಳ ನಡುವೆ ಜಾರಿಕೆ ಕೊಡುವುದು ತುಂಬಾ ಕಡಿಮೆ. 150 ಡಿಗ್ರಿಯಲ್ಲಿ ಅದು ದ್ರವವಾಗಿಯೇ ಉಳಿಯಬೇಕಾದರೆ ಸುಮಾರು 4.8 ಬಾರ್ ಅಬ್ಸಲ್ಯೂಟ್ ಒತ್ತಡ ಬೇಕು. ಫೇಸಿನ ಒಳ ಅಂಚಿನತ್ತ ಬಂದಂತೆ ಒತ್ತಡ ಇಳಿಯುತ್ತದೆ, ಪದರ ಅಲ್ಲೇ ಆವಿಯಾಗಿ ಚಿಟಪಟ ಎನ್ನುತ್ತದೆ. ಫೇಸ್ ತೆರೆದು ಮುಚ್ಚಿ, ತೆರೆದು ಮುಚ್ಚಿ, ಕಾರ್ಬನಿನ ಅಂಚು ಚೂರುಚೂರಾಗಿ ಉದುರುತ್ತದೆ. ಇಲ್ಲಿ ಪ್ಲಾನ್ 23 ಸರಿ. ಸೀಲ್ ಕೋಣೆಯ ಬುಡದಲ್ಲಿ ಒಂದು ಬಿಗಿ ಬುಷ್, ಸೀಲ್ ಮೇಲೆಯೇ ಒಂದು ಪಂಪಿಂಗ್ ರಿಂಗ್. ಅದು ಕೋಣೆಯ ನೀರನ್ನೇ ಕೂಲರಿಗೆ ಕಳಿಸಿ ವಾಪಸ್ ತರುತ್ತದೆ. ಹೊಸ ಬಿಸಿ ನೀರು ಅಷ್ಟಾಗಿ ಒಳಗೆ ಬರುವುದಿಲ್ಲ, ಆದ್ದರಿಂದ ಕೂಲರಿಗೆ ಹೊರೆಯೂ ಕಡಿಮೆ. ಕೂಲರ್ ಸೀಲಿಗಿಂತ ಮೇಲೆ ಇರಬೇಕು, ಪೈಪಿನಲ್ಲಿ ಎಲ್ಲೂ ಗಾಳಿ ನಿಲ್ಲಬಾರದು. ನಿಂತರೆ ಓಟವೇ ಬಂದ್. ಸೀಲಿಗೆ ಹೋಗುವ ಪೈಪ್, ಬರುವ ಪೈಪ್ ಎರಡಕ್ಕೂ ತಾಪ ಅಳೆದರೆ ನೀರು ಓಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನೊಂದು ಪ್ಲಾನ್ 62, ಅಂದರೆ ಕ್ವೆಂಚ್. ಫೇಸಿನ ಹೊರಬದಿಗೆ, ಅಂದರೆ ಗಾಳಿ ತಾಗುವ ಕಡೆಗೆ, ಸ್ವಲ್ಪ ನೀರು ಅಥವಾ ಹಬೆ. ಇದರ ಬೆಲೆ ನನಗೆ ತಿಳಿದದ್ದು ಒಂದು ಕಾಸ್ಟಿಕ್ ಪಂಪಿನಿಂದ. ಸೀಲ್ ಹಾಕಿ ಕೆಲವು ವಾರಕ್ಕೆ ಸೋರಿಕೆ, ಮತ್ತೆ ಹೊಸ ಸೀಲ್. ಸೀಲೇ ಸರಿಯಿಲ್ಲ ಎಂದು ಎಲ್ಲರ ತೀರ್ಮಾನ. ಬಿಚ್ಚಿದ್ದನ್ನು ತೊಳೆಯದೆ ಮೇಜಿನ ಮೇಲಿಟ್ಟು ನೋಡಿದೆ. ಫೇಸ್‌ಗಳು ಹೊಳೆಯುತ್ತಿದ್ದವು, ಓ-ರಿಂಗ್ ಮೆತ್ತಗೇ ಇತ್ತು. ಆದರೆ ಫೇಸಿನ ಒಳ ಅಂಚಿನಿಂದ ಸ್ಲೀವಿನವರೆಗೆ ಬಿಳಿ ಹಕ್ಕಳೆ, ಉಗುರಿನಿಂದ ಕೆರೆದರೆ ಏಳುತ್ತಿರಲಿಲ್ಲ. ತಿರುಗುವ ಭಾಗವನ್ನು ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು, ವಾಪಸ್ ಬರಲಿಲ್ಲ. ಪದರದ ಜೊತೆ ಹೊರಗೆ ಬಂದ ಚೂರು ಕಾಸ್ಟಿಕ್ ಗಾಳಿಗೆ ಒಣಗಿ, ಹರಳುಗಟ್ಟಿ ಓ-ರಿಂಗನ್ನು ಹಿಡಿದುಬಿಟ್ಟಿತ್ತು. ಗ್ಲ್ಯಾಂಡಿನಲ್ಲಿ ಕ್ವೆಂಚ್ ತೂತು ಇತ್ತು, ಅದಕ್ಕೆ ಪ್ಲಗ್ ಹಾಕಿ ಮರೆತಿದ್ದರು. ಪ್ಲಗ್ ತೆಗೆದು ತೆಳುವಾಗಿ ನೀರು ಬಿಟ್ಟೆವು. ಅದೇ ಬಗೆಯ ಸೀಲ್, ಅದೇ ಪಂಪ್. ಆಮೇಲೆ ಆ ತೊಂದರೆ ಇರಲಿಲ್ಲ.

ಕೂರಿಸುವುದು

ಮೋಟರಿನ ಕರೆಂಟ್ ತೆಗೆದು ಲಾಕ್ ಹಾಕಿ. ವಾಲ್ವ್ ಮುಚ್ಚಿ, ಒಳಗಿನದನ್ನು ಪೂರ್ತಿ ಬಸಿದು, ಒತ್ತಡ ಸೊನ್ನೆ ಎಂದು ನೋಡಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಒಳಗೆ ಏನಿತ್ತು ಎಂದು ಕೇಳಿ ತಿಳಿದುಕೊಂಡಿರಬೇಕು.

ಹೊಸ ಸೀಲಿನ ಡಬ್ಬಿ ಇನ್ನೂ ತೆರೆಯಬೇಡಿ. ಮೊದಲು ಡಯಲ್ ಗೇಜ್ ತನ್ನಿ. ಶಾಫ್ಟ್ ತಿರುಗಿಸಿ ನೋಡಿ, ಓಲಾಟ 0.05 ಮಿಲಿಮೀಟರ್ ಒಳಗಿರಬೇಕು. ಮುಂದೆ ಹಿಂದೆ ತಳ್ಳಿ ಎಳೆದರೆ ಆಟ 0.1 ಮಿಲಿಮೀಟರಿಗಿಂತ ಜಾಸ್ತಿ ಬೇಡ. ಗೇಜನ್ನು ಶಾಫ್ಟಿಗೆ ಕಟ್ಟಿ ಸ್ಟಫಿಂಗ್ ಬಾಕ್ಸಿನ (ಸೀಲ್ ಕೂರುವ ಕೋಣೆಯ) ಮುಖದ ಮೇಲೆ ತಿರುಗಿಸಿ, ಅದೂ 0.05 ಒಳಗೆ ಬರಬೇಕು. ಬಾರದಿದ್ದರೆ ಬೇರಿಂಗ್ ನೋಡಿ, ಶಾಫ್ಟ್ ನೋಡಿ. ಅಲ್ಲಾಡುವ ಶಾಫ್ಟಿಗೆ ಎಷ್ಟು ಒಳ್ಳೆ ಸೀಲ್ ಹಾಕಿದರೂ ದಂಡ.

ಓ-ರಿಂಗ್ ಕೂರುವ ಕಡೆ ಗೆರೆ ಇರಬಾರದು. ಕೀವೇ ಅಂಚು, ಮೆಟ್ಟಿಲಿನ ಮೂಲೆ ಚೂಪಾಗಿದ್ದರೆ ಎಮರಿಯಲ್ಲಿ ಉಜ್ಜಿ, ಕೀವೇ ಮೇಲೆ ಟೇಪ್ ಅಂಟಿಸಿ. ಬಿಡಿ ಸೀಲಾದರೆ ಡ್ರಾಯಿಂಗಿನಲ್ಲಿ ಕೊಟ್ಟ ವರ್ಕಿಂಗ್ ಲೆಂಗ್ತ್ (ಸ್ಪ್ರಿಂಗ್ ಒತ್ತಿಕೊಂಡು ಕೂತಾಗ ಸೀಲಿನ ಉದ್ದ) ಮುಖ್ಯ. ಬಾಕ್ಸಿನ ಮುಖಕ್ಕೆ ಸರಿಯಾಗಿ ಶಾಫ್ಟ್ ಮೇಲೆ ಗೆರೆ ಎಳೆದು, ಅಲ್ಲಿಂದ ಅಳೆದು, ಕಾಲರ್ ನಿಲ್ಲಬೇಕಾದ ಜಾಗ ಗುರುತು ಮಾಡಿ. ಜಾಸ್ತಿ ಒತ್ತಿದರೆ ಫೇಸ್ ಸುಡುತ್ತದೆ, ಕಡಿಮೆ ಒತ್ತಿದರೆ ತೆರೆದುಕೊಳ್ಳುತ್ತದೆ.

ಈಗ ಕೈ ತೊಳೆದು ಡಬ್ಬಿ ತೆರೆಯಿರಿ. ಫೇಸ್‌ಗಳನ್ನು ಎಷ್ಟು ಸಪಾಟಾಗಿ ಉಜ್ಜಿರುತ್ತಾರೆಂದರೆ, ಅದನ್ನು ಅಳೆಯಲು ಹೀಲಿಯಂ ಬೆಳಕಿನ ಪಟ್ಟಿಗಳನ್ನು ಎಣಿಸುತ್ತಾರೆ. ಒಂದು ಪಟ್ಟಿ ಎಂದರೆ 0.29 ಮೈಕ್ರಾನ್. ಸಾಮಾನ್ಯವಾಗಿ ಎರಡು ಮೂರು ಪಟ್ಟಿಗಿಂತ ಹೆಚ್ಚು ಏರುಪೇರು ಇರುವುದಿಲ್ಲ. ಅಂಥ ಮೈಗೆ ಬೆರಳಿನ ಜಿಡ್ಡೂ ದೊಡ್ಡದೇ. ತಾಗಿದರೆ ನೂಲು ಬಿಡದ ಬಟ್ಟೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಫೇಸ್ ಮೇಲೆ ಗ್ರೀಸ್ ಬೇಡ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ, ರಬ್ಬರ್ ಬೆಲೋಸಿಗೆ ಸೋಪಿನ ನೀರು. ಇಪಿಡಿಎಂಗೆ ಕೈಗೆ ಸಿಕ್ಕ ಗ್ರೀಸ್ ಹಚ್ಚಬೇಡಿ. ಬೆಲೋಸ್ ಹಾಕಿದ ಮೇಲೆ ತಡಮಾಡಬೇಡಿ. ಸೋಪು ಒಣಗುವ ಮೊದಲೇ ಅದನ್ನು ಸರಿಯಾದ ಅಳತೆಯಲ್ಲಿ ಕೂರಿಸಬೇಕು, ಆಮೇಲೆ ಅದು ಶಾಫ್ಟನ್ನು ಕಚ್ಚಿಕೊಳ್ಳುತ್ತದೆ.

ಸೀಟನ್ನು (ತಿರುಗದೆ ನಿಲ್ಲುವ ಬಳೆಯನ್ನು) ಗ್ಲ್ಯಾಂಡಿನೊಳಗೆ ಎರಡೂ ಹೆಬ್ಬೆರಳಿನಿಂದ ಸಮನಾಗಿ ಒತ್ತಿ, ನಡುವೆ ಒಂದು ಶುದ್ಧ ರಟ್ಟಿನ ತುಂಡು ಇರಲಿ. ಸುತ್ತಿಗೆ ಬೇಡ. ಗ್ಲ್ಯಾಂಡ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಲವಂತಕ್ಕೆ ಬಿಗಿದರೆ ಪ್ಲೇಟ್ ಬಾಗಿ, ಸೀಟೂ ಬಾಗುತ್ತದೆ.

ಕಾರ್ಟ್ರಿಡ್ಜ್ ಆದರೆ ಕ್ರಮ ಮುಖ್ಯ. ಗ್ಲ್ಯಾಂಡ್ ಬೋಲ್ಟ್ ಬಿಗಿದು, ಇಂಪೆಲ್ಲರ್ ಕ್ಲಿಯರೆನ್ಸ್ ಮತ್ತು ಕಪ್ಲಿಂಗ್ ಅಲೈನ್‌ಮೆಂಟ್ ಮುಗಿಸಿ, ಆಮೇಲೆ ಕಾಲರಿನ ಗ್ರಬ್ ಸ್ಕ್ರೂ, ಕೊನೆಗೆ ಸೆಟ್ಟಿಂಗ್ ಕ್ಲಿಪ್ ಹೊರಗೆ. ಕ್ಲಿಪ್ ಬಿಸಾಡಬೇಡಿ, ಮುಂದೆ ಬಿಚ್ಚುವಾಗ ಬೇಕಾಗುತ್ತದೆ. ಕೈಯಲ್ಲಿ ಶಾಫ್ಟ್ ತಿರುಗಿಸಿ, ಎಲ್ಲೂ ಉಜ್ಜಬಾರದು.

ಪಂಪ್ ಚಾಲೂ ಮಾಡುವ ಮೊದಲು ಸಕ್ಷನ್ ವಾಲ್ವ್ ತೆರೆದು ಸೀಲ್ ಕೋಣೆಯ ಗಾಳಿ ಬಿಡಿ. ಶಾಫ್ಟ್ ನೆಟ್ಟಗೆ ನಿಂತಿರುವ (ವರ್ಟಿಕಲ್) ಪಂಪುಗಳಲ್ಲಿ ಗಾಳಿ ಮೇಲೇರಿ ಸರಿಯಾಗಿ ಸೀಲಿನ ಸುತ್ತಲೇ ಸೇರಿಕೊಳ್ಳುತ್ತದೆ. ಹೊರಗೆ ಒತ್ತಡ ತೋರಿಸುತ್ತಿದ್ದರೂ ಫೇಸ್ ಒಣಗಿ ಓಡುತ್ತಿರುತ್ತದೆ. ಮೊದಲ ಕೆಲವು ನಿಮಿಷ ಒಂದೆರಡು ಹನಿ ಬಂದರೆ ಕಾಯಿರಿ, ಫೇಸ್‌ಗಳು ಹೊಂದಿಕೊಳ್ಳುತ್ತವೆ. ಧಾರೆ ಬಂದರೆ, ಅಥವಾ ಗ್ಲ್ಯಾಂಡಿನಿಂದ ಹೊಗೆ, ಕಿರುಚು ಬಂದರೆ ಆ ಕ್ಷಣವೇ ನಿಲ್ಲಿಸಿ.

ಹಳೆ ಸೀಲ್ ಏನು ಹೇಳುತ್ತದೆ

ಬಿಚ್ಚಿದ ಸೀಲನ್ನು ತೊಳೆಯುವ ಮೊದಲು ಒಂದು ಫೋಟೊ ತೆಗೆಯಿರಿ. ಗಟ್ಟಿ ಫೇಸ್ ಮೇಲಿನ ಉಜ್ಜಿದ ಗುರುತು ಕಾರ್ಬನ್ ಅಗಲಕ್ಕಿಂತ ಅಗಲವಾಗಿದ್ದರೆ ಶಾಫ್ಟ್ ಓಲಾಡುತ್ತಿತ್ತು, ಬೇರಿಂಗ್ ನೋಡಬೇಕು. ಗುರುತು ಸುತ್ತಲೂ ಇಲ್ಲದೆ ಎದುರುಬದುರು ಎರಡು ಕಡೆ ಮಾತ್ರ ಇದ್ದರೆ ಸೀಟ್ ಬಾಗಿತ್ತು, ಬೋಲ್ಟ್ ಬಿಗಿದವರು ಜಾಸ್ತಿ ಬಿಗಿದಿದ್ದಾರೆ. ನಡುವಿನಿಂದ ಅಂಚಿಗೆ ಕಿರಣದಂತೆ ಬಿರುಕುಗಳಿದ್ದರೆ ಶಾಖ, ಅಂದರೆ ಒಣ ಓಟ ಅಥವಾ ಫ್ಲಶ್ (ಪೈಪಿನಿಂದ ಸೀಲಿಗೆ ಬರುವ ದ್ರವ) ನಿಂತಿತ್ತು. ಕಾರ್ಬನ್ ಅಂಚು ಉದುರಿದ್ದರೆ ಪದರ ಆವಿಯಾಗುತ್ತಿತ್ತು. ಓ-ರಿಂಗ್ ಉಬ್ಬಿದ್ದರೆ ರಬ್ಬರ್ ತಪ್ಪು, ಗಟ್ಟಿಯಾಗಿ ಬಿರಿದಿದ್ದರೆ ಶಾಖ ಜಾಸ್ತಿ. ಓ-ರಿಂಗ್ ಕೂತ ಕಡೆ ಸ್ಲೀವಿನಲ್ಲಿ ಉಂಗುರದಂತೆ ತಗ್ಗು ಬಿದ್ದಿದ್ದರೆ ಆ ಭಾಗ ಓಡುವಾಗಲೆಲ್ಲ ಅದುರುತ್ತಿತ್ತು. ಸ್ಲೀವ್ ಬದಲಿಸದೆ ಹೊಸ ಸೀಲ್ ಹಾಕಿದರೆ ಅಲ್ಲೇ ಮತ್ತೆ ಸೋರುತ್ತದೆ. ಎಲ್ಲವೂ ಚೆನ್ನಾಗಿದ್ದೂ ಸೋರಿದ್ದರೆ ಸಂಶಯ ಸಿಕ್ಕಿಕೊಂಡ ಫೇಸಿನ ಮೇಲೆ, ಇಲ್ಲವೇ ಸ್ಲೀವ್ ಮತ್ತು ಶಾಫ್ಟಿನ ನಡುವಿನ ಓ-ರಿಂಗಿನ ಮೇಲೆ.

ಕಂಡದ್ದನ್ನು ಪಂಪಿನ ನಂಬರ್ ಜೊತೆ ಒಂದು ಪುಸ್ತಕದಲ್ಲಿ ಬರೆದಿಡಿ: ಹಾಕಿದ ದಿನ, ತೆಗೆದ ದಿನ, ಫೇಸ್ ಜೋಡಿ, ರಬ್ಬರ್, ಗೇಜ್ ಅಳತೆ, ಫೇಸ್ ಹೇಗಿತ್ತು. ಮುಂದಿನ ಸಲ ಅದೇ ಪಂಪ್ ಸೋರಿದಾಗ ಸ್ಟೋರಿಗೆ ಹೋಗುವ ಮೊದಲು ಆ ಪುಟ ತೆಗೆದು ನೋಡಿ.